ಸದರಿ ಎರಡೂ ಹೆಸರು

ಎರಡನೇ ಭಾಗದಾಗ ಡಾಕ್ಟರ್ ಇಳಾನ ಎಡಗೈ ಹೋಗತದ,
ಉಲ್ಕಿ ಬಡದು, ಮೊಣಕೈತನಾ.
ಐದನೇ ಭಾಗದಾಗ ಆಕಿ ಎರಡೂ ಕೈಲೆ ಕಿಟಕಿ ಒರಸತಾಳ.
ಯಾರೂ ಕೇಳಂಗಿಲ್ಲ. ಕ್ಯಾಪ್ಟನ್ನೂ ಕೇಳಂಗಿಲ್ಲ.
‘ಅಗಸ್ತ್ಯ ಒಂಬತ್ತು’ ಮೂವತ್ನಾಕು ವರ್ಷದಿಂದ ಹೊಂಟದ,
ಇನ್ನೂ ಊರು ಮುಟ್ಟಿಲ್ಲ.

ಕೇಳಾವ್ರು ನಾವು ಮೂರು ಮಂದಿ,
ಅಕ್ಕಲಕೋಟದಾಗ, ತಹಶೀಲಿ ಎದುರಿನ ಕಬ್ಬಿನಹಾಲಿನ ಗಾಡಿ ಹಂತೇಕ,
ಶನಿವಾರ, ನನ್ನ ಟೈಪ್ ಮಷೀನಿಗೆ ಹೊದಿಕಿ ಹಾಕಿದ ಮ್ಯಾಲ.

ಸೈಫನ್ ಅಂತಾನ: ಅವಳಿ ಜವಳಿ.
ತಂಗೀನ ತಳದ ಕೋಣ್ಯಾಗ ನಿದ್ದಿಗೆ ಹಾಕಿದ್ರು.
ಒಂದು ಗಾಜಿನ ಪೆಟಿಗಿ ಕಾಣತದ ನೋಡು,
ಅದನ್ನ ತೆರದು ತೋರಸೂದಿಲ್ಲ.
ತೆರೀದ ಪೆಟಿಗಿ ಅಂದ್ರ ಸೈಫನ್‌ಗ ಜೀವ.

ನರಸಮ್ಮ ಚಾದರದ ಕಾರ್ಖಾನ್ಯಾಗ ಇರಾಕಿ,
ದಿನಾ ಸೊಲ್ಲಾಪುರಕ್ಕ ಹೋಗಿ ಬರತಾಳ,
ತೆಲುಗಿನ್ಯಾಗ ಎಣಸತಾಳ, ಮರಾಠ್ಯಾಗ ಜಗಳಾಡತಾಳ.
ಕೈ ನೇದಾರ, ಅಂತಾಳ, ಆ ಪಾಚಿ ಗ್ರಹದಾಗ.
ನೂಲು ಕಡದ್ರ ಗಂಟು ಹಾಕತೀವಿ,
ತಿರುವಿ ನೋಡಿದ್ರಷ್ಟ ಕಾಣತದ.
ಏಳನೇ ಭಾಗದಾಗ ಆಕಿ ತೋಳು ಮಡಚಂಗಿಲ್ಲ.
ಗಂಟು ಅಲ್ಲೇ ಅದ.

ನಾ ಅಂತೀನಿ: ಆಕಿ ಇಳಾ ಅಲ್ಲ.
ಇಳಾ ಸತ್ತಳು. ಹೆಸರು ಖಾಲಿ ಬಿದ್ದಿತ್ತು,
ನೌಕೆಗೆ ಡಾಕ್ಟರ್ ಬೇಕಿತ್ತು.
ಯಾರೋ ಸ್ಟ್ಯಾಂಪ್ ಕಾಗದದ ಮ್ಯಾಲ ಬರಕೊಟ್ರು,
ಸದರಿ ಎರಡೂ ಹೆಸರು ಒಬ್ಬಾಕೀವ.

“ದಿನಾ ಅದನ್ನ ಟೈಪ್ ಮಾಡಾಕೀಗೆ
ಮತ್ತೇನು ಹೊಳದೀತು” ಅಂತ ನಗತಾನ ಸೈಫನ್.

ಖರೇನ ಅದ. ಬುಧವಾರ ತೋಳನೂರಿಂದ ಒಬ್ಬಾಕಿ ಬಂದಿದ್ಲು.
ಸಾಲಿ ದಾಖಲ್ಯಾಗ ಗುರುಬಾಯಿ,
ರೇಶನ್ ಕಾರ್ಡಿನ್ಯಾಗ ಗೌರಾಬಾಯಿ, ಮನ್ಯಾಗ ಗುರವ್ವ.
ಹುಟ್ಟಿದ್ದು ಜೂನ್ ಒಂದು.
ಆಕಿ ವಾರಗೀಯವ್ರು ಎಲ್ಲಾರೂ ಹುಟ್ಟಿದ್ದು ಜೂನ್ ಒಂದಕ್ಕ.
ಮರಾಠ್ಯಾಗ ಟೈಪ್ ಮಾಡಿ ಕನ್ನಡದಾಗ ಓದಿ ಹೇಳಿದೆ.
ಹೆಬ್ಬಟ್ಟು ಒತ್ತೂಮುಂದ ಕೇಳಿದ್ಲು,
“ಇದ್ರಾಗ ನಾ ಯಾವಾಕಿ?”
“ಇಬ್ಬರೂ ನೀನ, ಯವ್ವಾ.”
“ಹಂಗಾರ ಎರಡು ರೇಶನ್ ಯಾಕ ಕೊಡವಲ್ರು?”

ಈ ವರ್ಷ ಹನ್ನೆರಡನೇ ಭಾಗ ಬಂತು.
ಮಾಡಿದಾವ್ರು ಬಾಯಿಬಿಟ್ಟು ಹೇಳಿದ್ರು:
ಕೈ ನಮ್ಮ ತಪ್ಪು.
ಅವತ್ತು ತೋಳು ಹೊಲದಿದ್ದ ಅಂಗಿ ತೊಡಸೂದು ಮರತಿದ್ವಿ.
ಇನ್ನ ಮ್ಯಾಲ ಎರಡರಿಂದ ಆರನೇ ಭಾಗ ಲೆಕ್ಕಕ್ಕಿಲ್ಲ,
ಅವು ನಡದೇ ಇಲ್ಲ.

ಸೈಫನ್ ಗ್ಲಾಸು ಕೆಳಗಿಟ್ಟ.
ಆರನೇ ಭಾಗ ಅಂವ ಅಪ್ಪನ ಜೋಡಿ ನೋಡಿದ್ದು,
ದವಾಖಾನಿ ಟೀವ್ಯಾಗ, ಧ್ವನಿ ಸಣ್ಣಗ ಮಾಡಿ,
ಬಾಜೂಕಿನ ಖಾಟಿನಾವ್ರು ಮಲಗಿದ್ರಂತ.
“ನಡದಿಲ್ಲಂತ,” ಅಂದ.
ಮತ್ತೊಮ್ಮೆ ಅಂದ.
ನರಸಮ್ಮ ಸಿಟ್ಟಿಗೆದ್ದು ತೆಲುಗಿಗೆ ಹೋಗಿ ತಿರುಗಿ ಬಂದಳು:
“ಅಂಗಿ ಮರತ್ರಂತ! ಅದು ಕಥಿ ಆತೇನು?
ನಮಗ ಅದಕಿಂತ ಚಂದ ತಪ್ಪು ಮಾಡಾಕ ಬರತದ.”
ಗಾಡಿಯಾಂವ ಗೆಜ್ಜಿ ಕಟ್ಟಿದ ಗಾಲಿ ತಿರುವಿದ,
ಹಿಂಡಿದ ಕಬ್ಬನ್ನ ಮಡಚಿ ಮತ್ತ ಹಿಂಡಿದ.

ನನ್ನ ಹಂತೇಕ ಇನ್ನೊಂದದ. ಇವರಿಗೆ ಹೇಳಿಲ್ಲ.

ನಾಕನೇ ಭಾಗ. ನೌಕೆ ನಿಲ್ದಾಣ ಬಿಡೂ ಹೊತ್ತು.
ಗುಂಪಿನ ಹಿಂದ ಒಬ್ಬಾಕಿ ನಿಂತಾಳ, ನಾಕು ಸೆಕೆಂಡು.
ಹೆಸರಿಲ್ಲ. ಕಡೀಕ ಬರೂ ಪಟ್ಟ್ಯಾಗೂ ಇಲ್ಲ.
ಕೈಯಾಗ ಸ್ಟೀಲಿನ ಡಬ್ಬಿ.
ಹಿಂದ್ಯಾಗ ಡಬ್ ಮಾಡಿದಾವ್ರೂ ಮರಾಠ್ಯಾಗ ಮಾಡಿದಾವ್ರೂ
ಆಕೀಗೆ ಧ್ವನಿ ಕೊಟ್ಟಿಲ್ಲ,
ಎಂಜಿನ್ ಸಪ್ಪಳಾ ಹಾಕಿ ಬಿಟ್ಟಾರ.

ಆದ್ರ ತುಟಿ ನೋಡ್ರಿ.
ಮುಚ್ಚತಾವ, ತೆರೀತಾವ,
ನಾಲಿಗಿ ಹಲ್ಲಿಗೆ ತಾಗತದ.
ಹೊಂಟು ನಿಂತಾಗ ಹೋಗತೀನಿ ಅನ್ನದ ಮಂದಿ
ಹೊಚ್ಚಲದಾಗ ನಿಂತು ಅನ್ನೂ ಮಾತು:
ಬಂದೆ.

ಅದೂ ಈಗ ಲೆಕ್ಕಕ್ಕಿಲ್ಲ.
ಆ ಡಬ್ಬ್ಯಾಗ ಏನದ ಅಂತ ನನಗ ಗೊತ್ತದ,
ಕಟಿ ರೊಟ್ಟಿ, ಶೇಂಗಾ ಚಟ್ನಿ.
ಎಷ್ಟು ದೂರ ಹೋದ್ರೂ ಕೆಡಂಗಿಲ್ಲ.